ಉಪವಾಸದ ಹೊತ್ತಿಗೆ ಮೊದಲೇ ಕೂಗಿದ ಸೈರನ್

ನನ್ನ ಹೆಸರು ಗಂಗಹನುಮಯ್ಯ, ತಂದೆ ದಿವಂಗತ ಕಾಳಯ್ಯ, ವಯಸ್ಸು ನಲವತ್ತಾರು ವರ್ಷ, ಉದ್ಯೋಗ ಮಾರನಕೋಟೆ ಪುರಸಭೆಯಲ್ಲಿ ಸೈರನ್ ಹಾಗೂ ಬೀದಿದೀಪದ ಕೆಲಸ, ವಾಸ ಕೋಟೆ ಹಿಂದಿನ ಬೀದಿ, ಮಾರನಕೋಟೆ, ಗುಬ್ಬಿ ತಾಲ್ಲೂಕು, ತುಮಕೂರು ಜಿಲ್ಲೆ. ಈ ದಿನ ದಿನಾಂಕ 17-8-1979ರಂದು ಮಧ್ಯಾಹ್ನ ಠಾಣೆಗೆ ಬರಹೇಳಿದ್ದಕ್ಕೆ ಹಾಜರಾಗಿ, ಹೆಡ್ ಕಾನ್ಸ್‌ಟೇಬಲ್ ಅಡವಿಯಪ್ಪನವರು ಕೇಳಿದ್ದಕ್ಕೆ ಈ ಮೂಲಕ ತಿಳಿಸುವುದೇನೆಂದರೆ:

ನಮ್ಮ ಪುರಸಭೆ ಕಚೇರಿಯ ತಾರಸಿಯ ಮೇಲೆ ಕೈಯಿಂದ ತಿರುಗಿಸುವ ಸೈರನ್ ಒಂದಿದ್ದು, ಅದನ್ನು ಚೀನಾ ಯುದ್ಧದ ಕಾಲದಲ್ಲಿ ತರಿಸಿದ್ದು ಇರುತ್ತದೆ. ಅಂದಿನಿಂದ ಅದನ್ನು ತಿರುಗಿಸುತ್ತಿರುವವನು ನಾನೊಬ್ಬನೇ. ಬೇರೆ ಯಾರು ಹಿಡಿಕೆ ಹಿಡಿದರೂ ಅದು ಕೆಮ್ಮುತ್ತದೆಯೇ ಹೊರತು ಕೂಗುವುದಿಲ್ಲ. ಇದು ಬೇಡದ ಮಾತು ಎಂದು ತಾವು ಹೇಳಿದಿರಿ. ಇರಲಿ, ಬರೆದುಕೊಳ್ಳಿ. ನನ್ನ ಮೇಲೆ ಬಂದಿರುವ ದೂರು ಈ ಸೈರನ್ನಿನದ್ದೇ ಆದ್ದರಿಂದ ಅದರ ವಿಷಯ ನಾನು ಹೇಳದೆ ಇನ್ಯಾರು ಹೇಳಬೇಕು?

ಸದರಿ ಸೈರನ್ನನ್ನು ಎರಡು ಕಾರಣಕ್ಕೆ ಕೂಗಿಸುವುದು ವಾಡಿಕೆ. ಊರಲ್ಲಿ ಬೆಂಕಿ ಬಿದ್ದರೆ ಬಿಟ್ಟು ಬಿಟ್ಟು ತಿರುಗಿಸಬೇಕು. ಕೇಳಿದವರು ಕೊಡ, ಬಕೆಟ್ಟು ಹಿಡಿದು ಕಚೇರಿ ಮುಂದೆ ಬಂದು ಎಲ್ಲಿ ಎಂದು ನನ್ನನ್ನು ಕೇಳಿಕೊಂಡು ಹೋಗುತ್ತಾರೆ. ಆದ್ದರಿಂದ ಕೂಗಿಸಿದ ಮೇಲೆ ನಾನು ಜಾಗ ಬಿಟ್ಟು ಕದಲುವಂತಿಲ್ಲ. ಇನ್ನೊಂದು, ರಂಜಾನ್ ತಿಂಗಳಲ್ಲಿ ಸಂಜೆ ಉಪವಾಸ ಬಿಡುವ ಹೊತ್ತಿಗೆ ಒಂದೇ ಎಳೆತಕ್ಕೆ ಉದ್ದವಾಗಿ ಕೂಗಿಸಬೇಕು. ಹೊತ್ತು ಎಷ್ಟೆಂಬುದನ್ನು ಮಸೀದಿ ಕಮಿಟಿಯ ಹಬೀಬ್ ಸಾಬರು ದಿನವೂ ಬಂದು ಹೇಳಿಹೋಗುತ್ತಾರೆ. ಊರಲ್ಲಿ ಬೆಂಕಿ ಬಿದ್ದು ಐದಾರು ವರ್ಷವಾದ್ದರಿಂದ ಈಗೀಗ ಸೈರನ್ ಎಂದರೆ ಎಲ್ಲರಿಗೂ ರಂಜಾನ್ ಸೈರನ್ನೇ. ಅದು ಕೂಗಿದರೆ ಅಂಗಡಿಯವರು ದೀಪ ಹಚ್ಚುತ್ತಾರೆ, ನಮ್ಮ ಕಡೆಯ ಹೆಂಗಸರು ಸಾರಿಗೆ ಒಗ್ಗರಣೆ ಹಾಕುತ್ತಾರೆ. ನನ್ನ ಹೆಂಡತಿ ಹನುಮಂತಮ್ಮನೂ ಹಾಗೆಯೇ.

ದಿನಾಂಕ 16-8-1979ನೇ ಗುರುವಾರ ಹಬೀಬ್ ಸಾಬರು ಮಧ್ಯಾಹ್ನ ಬಂದು, ಇಂದು ಆರು ನಲವತ್ತೆರಡಕ್ಕೆ ಎಂದು ಹೇಳಿಹೋದರು. ಮೂರು ದಿನದಿಂದ ಬಿಟ್ಟು ಬಿಟ್ಟು ಮಳೆಯಾಗಿ ಆಕಾಶ ಮುಚ್ಚಿಕೊಂಡಿತ್ತು. ಸೂರ್ಯ ಇದ್ದಾನೋ ಮುಳುಗಿದ್ದಾನೋ ತಿಳಿಯುವಂತಿರಲಿಲ್ಲ. ಮುಖ್ಯಾಧಿಕಾರಿಗಳು ಮೀಟಿಂಗಿಗೆಂದು ತುಮಕೂರಿಗೆ ಹೋಗಿದ್ದು, ಫೋನ್ ಇರುವ ಅವರ ಕೋಣೆಗೆ ಬೀಗ ಹಾಕಿತ್ತು. ಕಚೇರಿಯಲ್ಲಿ ನಾನೊಬ್ಬನೇ ಇದ್ದೆ.

ಸಂಜೆ ಸುಮಾರು 6.15 ಗಂಟೆಗೆ, ನಾನು ತಾರಸಿಗೆ ಹೋಗುವ ಮೊದಲು ಬೀಡಿ ಹಚ್ಚಿಕೊಂಡು ಮೆಟ್ಟಿಲ ಮೇಲೆ ಕುಳಿತಿದ್ದಾಗ, ರಂಗಮ್ಮ ಎಂಬ ಕೂಲಿ ಹೆಂಗಸು ಸಂತೆ ಮೈದಾನದ ಕಡೆಯಿಂದ ಓಡಿಬಂದಳು. ಮೈದಾನದ ಹಿಂದೆ ಒಳಚರಂಡಿ ಪೈಪು ಹೂಳಲು ಕಂಟ್ರಾಕ್ಟರ್ ಕಡೆಯವರು ಹತ್ತಡಿ ಆಳದ ಕಾಲುವೆ ತೋಡಿಸುತ್ತಿದ್ದು, ಆಕೆ ಮತ್ತು ಆಕೆಯ ಗಂಡ ಜುಂಜಪ್ಪ ಅಲ್ಲಿ ಕೂಲಿಗಿದ್ದರು. ಆಕೆಯ ಸೀರೆ ಮೊಣಕಾಲವರೆಗೆ ಕೆಸರಾಗಿತ್ತು, ಕೈಬೆರಳುಗಳಲ್ಲಿ ರಕ್ತ ಬರುತ್ತಿತ್ತು. ಮಣ್ಣು ಕೆರೆದು ಕೆರೆದು ಹಾಗಾಗಿತ್ತೆಂದು ಆಮೇಲೆ ತಿಳಿಯಿತು. ಆಕೆ, “ಗಂಗಣ್ಣ, ನಮ್ಮೋರು ಮಣ್ಣಾಗೆ ಹೂತೋಗವ್ರೆ ಕಣಣ್ಣ, ಕತ್ತಿನ ಮಟ ಐತೆ, ಇನ್ನೂ ಉದುರ್ತಾನೇ ಐತೆ, ಬಾರಣ್ಣ” ಎಂದು ನನ್ನ ಕೈ ಹಿಡಿದು ಎಳೆದಳು.

ಉಳಿದ ಕೂಲಿಯವರು ಐದೂವರೆಗೇ ಹೋಗಿದ್ದು, ಬೆಳಿಗ್ಗೆ ಪೈಪು ಬರುತ್ತದೆಂದು ತಳ ಸಮ ಮಾಡಲು ಇವರಿಬ್ಬರನ್ನು ಮಾತ್ರ ಉಳಿಸಿಕೊಂಡಿದ್ದರೆಂದೂ, ಒಂದು ಬದಿಯ ಮಣ್ಣು ಇದ್ದಕ್ಕಿದ್ದಂತೆ ಕುಸಿಯಿತೆಂದೂ ಆಕೆ ಹೇಳಿದಳು. ಮೈದಾನದ ಹಿಂದೆ ಮನೆಗಳಿಲ್ಲ. ದಾರಿಯಲ್ಲಿ ಸಿಕ್ಕ ಇಬ್ಬರು ಮುದುಕಿಯರನ್ನು ಗುಂಡಿಯ ಹತ್ತಿರ ಕಳಿಸಿ ಬಂದಿದ್ದಳು. ಗುದ್ದಲಿ, ಹಾರೆ ಎಲ್ಲ ಇರುವ ಪುರಸಭೆಯ ಉಗ್ರಾಣಕ್ಕೂ ಬೀಗ. ಅದರ ಕೀಲಿ ಚರಂಡಿ ಕೆಲಸದ ಉಸ್ತುವಾರಿ ನೋಡುವ ಓವರ್‌ಸಿಯರ್ ಸದಾಶಿವಯ್ಯನವರ ಬಳಿ, ಅವರ ಮನೆ ಊರಿನ ಆ ಕೊನೆಯಲ್ಲಿ.

ನಾನೊಬ್ಬ ಹೋಗಿ ಬರಿಗೈಯಲ್ಲಿ ಏನು ಕಿತ್ತೇನು? ಹತ್ತಾಳು ಬೇಕು, ಸಲಕರಣೆ ಬೇಕು, ಈಗಲೇ ಬೇಕು. ಸೈರನ್ ಕೂಗಿಸಿದರೆ ಊರೇ ಬರುತ್ತದೆ ಎಂದು ಹೊಳೆಯಿತು. ಅದರ ಹಿಂದೆಯೇ, ಈಗ ಕೂಗಿಸಿದರೆ ಬೆಳಗಿನ ಜಾವದಿಂದ ಹನಿ ನೀರು ಮುಟ್ಟದೆ ಕುಳಿತ ಅಷ್ಟೂ ಜನರ ಉಪವಾಸ ಹೊತ್ತಿಗೆ ಮುಂಚೆ ಮುರಿದುಹೋಗುತ್ತದೆ ಎಂದೂ ಹೊಳೆಯಿತು. ಇದನ್ನು ಸರಿಯಾಗಿ ಬರೆದುಕೊಳ್ಳಬೇಕೆಂದು ಕೋರುತ್ತೇನೆ. ನನಗೆ ಗೊತ್ತಿತ್ತು. ಗೋಡೆಯ ಗಡಿಯಾರದಲ್ಲಿ 6.20 ಆಗಿದ್ದನ್ನು ನೋಡಿಯೇ ನಾನು ಮೆಟ್ಟಿಲು ಹತ್ತಿದೆ. ಹತ್ತುವಾಗ ರಂಗಮ್ಮನಿಗೆ, ನೀನು ಗಂಡನ ಹತ್ತಿರ ಹೋಗಿ ಅವನ ಮೂಗು ಬಾಯಿಗೆ ಮಣ್ಣು ಬರದಂತೆ ನೋಡಿಕೋ, ಜನರನ್ನು ನಾನು ಕಳಿಸುತ್ತೇನೆ ಎಂದು ಹೇಳಿದೆ. ಆಕೆ ನಂಬಿ ಓಡಿದಳು.

ನಾನು ಬೆಂಕಿಗೆ ಕೂಗಿಸುವಂತೆ ಬಿಟ್ಟು ಬಿಟ್ಟು ತಿರುಗಿಸಿದೆ. ಉಪವಾಸದ ಸೈರನ್ ಅಲ್ಲವೆಂದು ಜನಕ್ಕೆ ತಿಳಿಯಲೆಂದೇ ಹಾಗೆ ಮಾಡಿದ್ದು. ಆದರೆ ಕೈ ನಿಲ್ಲಿಸಿದರೂ ಆ ಸೈರನ್ ತನ್ನ ಪಾಡಿಗೆ ತಾನು ಸ್ವಲ್ಪ ಹೊತ್ತು ಕೊರಗುತ್ತಲೇ ಇರುತ್ತದೆ. ಮೇಲಾಗಿ ಹಸಿದು ಕುಳಿತವರು ಕೊನೆಯವರೆಗೆ ಕೇಳಿಸಿಕೊಂಡು ಎಷ್ಟು ಸಲ ನಿಂತಿತು ಎಂದು ಲೆಕ್ಕ ಹಾಕುತ್ತಾರೆಯೇ? ಮೊದಲ ಕೂಗಿಗೇ ಖರ್ಜೂರ ಬಾಯಿಗೆ ಹೋಗಿರುತ್ತದೆ. ನಾನು ಹಿಡಿಕೆ ಬಿಟ್ಟು ಗೋಡೆಯಂಚಿಗೆ ಬಂದು ಬಗ್ಗಿ ನೋಡಿದೆ. ರಸ್ತೆಯಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ಇದ್ದವರೂ ಬಿರಬಿರನೆ ಮನೆ ಸೇರುತ್ತಿದ್ದರು. ಬಾಗಿಲುಗಳು ಮುಚ್ಚಿಕೊಂಡವು. ಎದುರಿನ ದಿನಸಿ ಅಂಗಡಿಯವರು ಎಂದಿನಂತೆ ದೀಪ ಹಚ್ಚಿ, ಊದುಬತ್ತಿ ಹಿಡಿದು ಕೈ ಮುಗಿಯುತ್ತಿದ್ದರು. ಕರೆಯಲೆಂದು ಕೂಗಿಸಿದರೆ ಬೀದಿಯಲ್ಲಿದ್ದವರೂ ಮಾಯವಾದರು.

ನಾನು ಮೇಲಿನಿಂದಲೇ ಸದರಿ ಅಂಗಡಿಯವರನ್ನು ಕೂಗಿ ಕರೆದೆ. ಅವರು ಮುಖವೆತ್ತಿ, “ಏನ್ ಗಂಗಣ್ಣ, ಇವತ್ತು ಬೇಗ್ನೆ ಆಯ್ತಲ್ಲ” ಎಂದು ನಕ್ಕು ಒಳಗೆ ಹೋದರು. ನನ್ನ ಕೂಗು ಅವರಿಗೆ ಕುಶಲ ಕೇಳಿದ ಹಾಗೆ ಕೇಳಿಸಿತೋ ಏನೋ. ಅಯ್ಯೋ ನಿನ್ನ ಮನೆ ಹಾಳಾಗ ಎಂದು ಬೈದೆ. ಬೈದದ್ದು ನಿಜ, ಅವರು ದೂರು ಕೊಟ್ಟರೆ ಒಪ್ಪಿಕೊಳ್ಳುತ್ತೇನೆ.

ಕೆಳಗಿಳಿದು ಮಸೀದಿ ಬೀದಿಗೆ ಓಡಲೇ ಎಂದು ಎರಡು ಮೆಟ್ಟಿಲು ಇಳಿದೆ. ಇಳಿದಾಗ ಯಾರಾದರೂ ಬಂದು ಎಲ್ಲಿ ಎಂದು ಕೇಳಿದರೆ ಹೇಳುವವರಿಲ್ಲವಲ್ಲ ಎಂದು ಮತ್ತೆ ಹತ್ತಿದೆ. ಹತ್ತಿದ ಮೇಲೆ, ಯಾವನೂ ಬರುವುದಿಲ್ಲ, ಸುಮ್ಮನೆ ಹೊತ್ತು ಕಳೆಯುತ್ತಿದ್ದೇನೆ ಎಂದು ಮತ್ತೆ ಇಳಿದೆ. ಸಂತೆ ಮೈದಾನದ ಕಡೆಯಿಂದ ರಂಗಮ್ಮನ ದನಿ ಕೇಳಿಸಿದ ಹಾಗಾಯಿತು. ಅದು ನಿಂತರೆ ಏನು ಗತಿ? ಹೀಗೆ ಹತ್ತಿ ಇಳಿದು ನಾಲ್ಕೈದು ನಿಮಿಷ ಹಾಳು ಮಾಡಿದ್ದು ನನ್ನ ದಡ್ಡತನ. ಕೊನೆಗೆ ಬೇರೇನೂ ತೋಚದೆ ಸೈರನ್ನನ್ನು ಎರಡನೇ ಸಲ ತಿರುಗಿಸಿದೆ. ರಟ್ಟೆ ಬಿದ್ದುಹೋಗುವ ತನಕ ತಿರುಗಿಸಿದೆ. ಆಗ ಸಮಯ 6.28 ಎಂದು ಮಸೀದಿ ಕಮಿಟಿಯವರು ಹೇಳುತ್ತಾರೆ, ನಾನು ನೋಡಲಿಲ್ಲ.

ಈ ಎರಡನೇ ಕೂಗಿಗೆ ಜನ ಬಂದರು. ಆದರೆ ಬೆಂಕಿಗೆ ಬರುವಂತೆ ಬರಲಿಲ್ಲ. ಎರಡು ಸಲ ಕೂಗಿದ್ದರಿಂದ, ಮೊದಲನೆಯದನ್ನು ನಾನು ತಪ್ಪಾಗಿ ಕೂಗಿಸಿ ಈಗ ಸರಿಯಾದ ಹೊತ್ತಿಗೆ ಕೂಗಿಸುತ್ತಿದ್ದೇನೆಂದು ಅವರು ತಿಳಿದಿದ್ದರು. ಕೆಲವರು ಗಡಿಯಾರ ನೋಡಿದರೆ ಎರಡೂ ತಪ್ಪು. ಸುಮಾರು ಐವತ್ತು ಅರವತ್ತು ಜನ ಮಸೀದಿ ಬೀದಿಯಿಂದ ಒಟ್ಟಾಗಿ ಬಂದರು. ಇನ್ನೂ ಬಾಯಿ ಒರೆಸಿಕೊಳ್ಳುತ್ತಿದ್ದವರಿದ್ದರು, ಗಂಜಿಯ ಲೋಟ ಕೈಯಲ್ಲೇ ಇದ್ದವರಿದ್ದರು. “ಏನ್ಲಾ, ತಿಂಗ್ಳೆಲ್ಲಾ ಸರ್ಯಾಗಿದ್ದು ಹಿಂಗ್ ಮಾಡ್ತೀಯಾ, ತಲೆಗಿಲೆ ಕೆಟ್ಟೈತಾ?” ಎಂದು ಯಾರೋ ಕೂಗಿದರು. ನಾನು ಬೇಕೆಂದೇ ಮಾಡಿದ್ದೇನೆ ಎಂದು ಇನ್ನೊಬ್ಬರು. ಒಬ್ಬ ಹುಡುಗ ಮೆಟ್ಟಿಲ ಮೇಲೇ ನನ್ನ ಅಂಗಿಯ ಕೊರಳಪಟ್ಟಿ ಹಿಡಿದ. ಎರಡು ಗುಂಡಿ ಕಿತ್ತುಬಂದವು. ಆ ಹುಡುಗನ ಹೆಸರು ನಾನು ಹೇಳುವುದಿಲ್ಲ, ಕಾರಣ ಮುಂದೆ ತಿಳಿಯುತ್ತದೆ.

ಅಷ್ಟು ಜನರನ್ನು ನೋಡಿ ನನಗೆ ಹೆದರಿಕೆಯಾಗಬೇಕಿತ್ತು. ನನಗೆ ಅಳು ಬಂತು. ಬಂದರಲ್ಲಪ್ಪ, ಹೇಗೋ ಬಂದರಲ್ಲ ಎನಿಸಿತು. ಹಬೀಬ್ ಸಾಬರು ಗುಂಪು ಸರಿಸಿ ಮುಂದೆ ಬಂದು, “ಮೊದ್ಲು ಅವ್ನ ಅಂಗಿ ಬುಡೋ” ಎಂದು ಆ ಹುಡುಗನಿಗೆ ಹೇಳಿ, ನನಗೆ ಏನಾಯಿತೆಂದು ಕೇಳಿದರು. ನಾನು, “ಜುಂಜಪ್ಪ ಮಣ್ಣಲ್ಲಿ ಹೂತೋಗಿದಾನೆ ಸಾಬ್ರೆ, ಸಂತೆ ಮೈದಾನ, ಹೊಸ ಚರಂಡಿ” ಎಂದಷ್ಟೇ ಹೇಳಿದೆ. ಹಬೀಬ್ ಸಾಬರು ಇನ್ನೇನೂ ಕೇಳದೆ ಪಂಚೆ ಎತ್ತಿ ಕಟ್ಟಿ ಓಡಿದರು. ಅವರಿಗೆ ಅರವತ್ತು ದಾಟಿದೆ.

ಉಗ್ರಾಣದ ಬೀಗವನ್ನು ನಾನೇ ಕಲ್ಲಿನಿಂದ ಒಡೆದೆ. ಅದು ಪುರಸಭೆಯ ಸ್ವತ್ತು, ನಷ್ಟವನ್ನು ನನ್ನ ಸಂಬಳದಲ್ಲಿ ಹಿಡಿದುಕೊಳ್ಳಲಿ. ಗುದ್ದಲಿ, ಬಾಂಡಲಿ, ಎರಡು ಹಗ್ಗ ತೆಗೆದುಕೊಂಡು ನಾವು ಹೋಗಿ ನೋಡಲಾಗಿ, ಜುಂಜಪ್ಪನ ಗಲ್ಲದವರೆಗೆ ಮಣ್ಣು ಏರಿತ್ತು. ರಂಗಮ್ಮ ಅವನ ಮುಖದ ಮುಂದೆ ಬೋರಲು ಮಲಗಿ, ಉದುರಿದ ಮಣ್ಣನ್ನು ಎರಡೂ ಕೈಯಿಂದ ಹಿಂದಕ್ಕೆ ತಳ್ಳುತ್ತಿದ್ದಳು. ಕುಸಿಯುವ ಬದಿ ಆಕೆಯ ಬೆನ್ನ ಮೇಲೇ ಇತ್ತು. ಆಕೆ ನಮ್ಮನ್ನು ನೋಡಿ, “ಎಲ್ಲೋಗಿದ್ರಿ ಇಷ್ಟೊತ್ತು, ಸೈರನ್ ಆಗಿ ಎಷ್ಟೊತ್ತಾಯ್ತು” ಎಂದು ಬೈದಳು.

ಹುಡುಗರು ಕೆಳಗೆ ಧುಮುಕಲು ಹೋದರು. ಹಬೀಬ್ ಸಾಬರು ತಡೆದು, ಒಬ್ಬನೂ ಇಳಿಯಕೂಡದು, ಇಳಿದರೆ ಉಳಿದದ್ದೂ ಕುಸಿಯುತ್ತದೆ ಎಂದರು. ಅವರದು ಮರದ ಡಿಪೋ. ಅಲ್ಲಿಂದ ಹಲಗೆ, ಗಳ ಹೊರಿಸಿ ತರಿಸಿದರು. ಕುಸಿಯುವ ಬದಿಗೆ ಹಲಗೆ ನಿಲ್ಲಿಸಿ ಅಡ್ಡಕ್ಕೆ ಗಳ ಕೊಟ್ಟ ಮೇಲೆ ಮೂವರು ಇಳಿದರು. ಮೊದಲು ಇಳಿದವನು ನನ್ನ ಅಂಗಿ ಹಿಡಿದಿದ್ದ ಹುಡುಗ. ಗುದ್ದಲಿ ತಾಗೀತೆಂದು ಅವನು ಗಂಜಿ ಲೋಟದಲ್ಲೇ ಮಣ್ಣು ತೋಡಿದ. ಇಷ್ಟರಲ್ಲಿ ಓವರ್‌ಸಿಯರ್ ಸದಾಶಿವಯ್ಯನವರೂ ಸುದ್ದಿ ತಿಳಿದು ಬಂದು, ಬಾಂಡಲಿ ಕೈಬದಲಿಸುವ ಸಾಲಿನಲ್ಲಿ ನಿಂತರು. ದಿನಸಿ ಅಂಗಡಿಯವರೂ ಬಂದರು. ನಾನು ಅವರ ಮುಖ ನೋಡಲಿಲ್ಲ.

ಜುಂಜಪ್ಪನ ಕಣ್ಣು ತೆರೆದಿದ್ದವು, ಮಾತಿರಲಿಲ್ಲ. ಸೊಂಟದ ತನಕ ಬಿಡಿಸುವಷ್ಟರಲ್ಲಿ ಕಣ್ಣೂ ಮುಚ್ಚಿದವು. ರಂಗಮ್ಮ ಅವನ ಕೆನ್ನೆ ತಟ್ಟಿ, “ಏಯ್, ನಿದ್ದೆ ಮಾಡ್ಬ್ಯಾಡ, ಎದ್ದೇಳು, ನಾನ್ ಮಾತಾಡ್ಸ್ತಿಲ್ವಾ” ಎಂದು ಗದರಿಸುತ್ತಲೇ ಇದ್ದಳು. ಏಳು ಗಂಟೆ ದಾಟಿದ ಮೇಲೆ ಅವನನ್ನು ಹಲಗೆಯ ಮೇಲೆ ಮಲಗಿಸಿ ಮೇಲೆತ್ತಿದರು. ಎಡಗಾಲು ಇರಬೇಕಾದ ಕಡೆಗೆ ತಿರುಗಿರಲಿಲ್ಲ. ಹಬೀಬ್ ಸಾಬರ ಲಾರಿಯಲ್ಲಿ ಹಲಗೆ ಸಮೇತ ಹಾಕಿಕೊಂಡು ತುಮಕೂರಿನ ದೊಡ್ಡಾಸ್ಪತ್ರೆಗೆ ಹೊರಟರು. ರಂಗಮ್ಮ ಜೊತೆಗೆ ಹತ್ತಿದಳು. ನಾನೂ ಹತ್ತಲು ಹೋದಾಗ ಹಬೀಬ್ ಸಾಬರು ಜಾಗವಿಲ್ಲ ಎಂದರು. ಉಪವಾಸದ ವಿಷಯ ನಾನು ಏನೋ ಹೇಳಹೊರಟೆ. ಅವರು, “ಹಬ್ಬ ಆದ್ಮೇಲೆ ಒಂದು ರೋಜಾ ಜಾಸ್ತಿ ಇಟ್ಕೊಂಡ್ರೆ ಆಯ್ತು, ಅದ್ಕೆ ಯಾಕ್ ಹಂಗ್ ಮುಖ ಮಾಡ್ಕೊಂಡಿದೀಯಾ, ಮನೆಗ್ ಹೋಗು” ಎಂದು ಬೈದು ಲಾರಿ ಹತ್ತಿದರು. ಅವತ್ತು ಆರು ನಲವತ್ತೆರಡಕ್ಕೆ ಊರಲ್ಲಿ ಸೈರನ್ ಕೂಗಲಿಲ್ಲ. ಯಾರೂ ಕೇಳಲೂ ಇಲ್ಲ.

ಈ ದಿನ ಬೆಳಿಗ್ಗೆ ಸದಾಶಿವಯ್ಯನವರು ನಮ್ಮ ಮನೆಗೆ ಬಂದರು. ನಾನು ಸಮಯ ತಪ್ಪಿ ಸೈರನ್ ಕೂಗಿಸಿ ಊರಲ್ಲಿ ಗಲಭೆಗೆ ಕಾರಣನಾದೆನೆಂದು ಪುರಸಭೆಯಿಂದ ಠಾಣೆಗೆ ದೂರು ಹೋಗಿದೆಯೆಂದೂ, ಗಡಿಯಾರ ಕೆಟ್ಟಿದ್ದರಿಂದ ತಪ್ಪಾಯಿತೆಂದು ಹೇಳಿದರೆ ಒಂದು ಎಚ್ಚರಿಕೆ ಪತ್ರ ಕೊಟ್ಟು ಮುಗಿಸುತ್ತಾರೆಂದೂ, ಗೊತ್ತಿದ್ದೂ ಕೂಗಿಸಿದೆ ಎಂದರೆ ಸಸ್ಪೆಂಡ್ ಖಂಡಿತವೆಂದೂ ತಿಳಿಸಿದರು. ಹಾಗೆ ಹೇಳಿದರೆ ಗುಂಡಿಯ ಮಾತೇ ಬರುವುದಿಲ್ಲವಲ್ಲ ಎಂದು ನಾನು ಕೇಳಿದೆ. ಅವರು ನೆಲ ನೋಡಿಕೊಂಡು, “ಆ ಬದಿಗೆ ಹಲಗೆ ಕೊಡ್ಸಿ ಅಂತ ನಾನು ಕಂಟ್ರಾಕ್ಟರಿಗೆ ಬಾಯಲ್ಲಿ ಹೇಳಿದ್ದೆ ಕಣಯ್ಯ, ಯಾರು ನಂಬ್ತಾರೆ? ನನ್ ಮಕ್ಳು ಇನ್ನೂ ಸಣ್ಣವು” ಎಂದರು. ನಾನು ಅವರಿಗೆ ಕಾಫಿ ಕೊಡಿಸಿ ಕಳಿಸಿದೆ. ಅವರು ಕೆಟ್ಟವರಲ್ಲ. ಹೆದರಿದ್ದಾರೆ. ಹೆದರಿಕೆ ನನಗೂ ಇದೆ.

ನನ್ನ ಹೆಂಡತಿ, “ಗಡಿಯಾರ ಕೆಟ್ಟಿತ್ತು ಅನ್ನಿ, ನಿಮ್ಮಪ್ಪನ ಗಂಟೇನ್ ಹೋಗುತ್ತೆ” ಎಂದಳು. ಆಮೇಲೆ ಆಕೆಯೇ, ತುಮಕೂರಿನಿಂದ ಏನಾದರೂ ಸುದ್ದಿ ಬಂತೇ ಎಂದು ಕೇಳಿದಳು. ಬಂದಿಲ್ಲ ಎಂದೆ. ಹಾಗಾದರೆ ನಿಮಗೆ ತಿಳಿದ ಹಾಗೆ ಹೇಳಿ ಎಂದು ಒಲೆಯ ಕಡೆ ತಿರುಗಿದಳು. ಆಕೆ ನಿನ್ನೆ ಸಂಜೆ ಮೊದಲ ಸೈರನ್ನಿಗೇ ಒಗ್ಗರಣೆ ಹಾಕಿ, ಒಲೆಯ ಮುಂದೆ ಕುಳಿತು ನನ್ನ ದಾರಿ ಕಾದವಳು.

ಆದ್ದರಿಂದ ಗಡಿಯಾರದ ವಿಷಯ ತಾವು ಕೇಳಿದ್ದಕ್ಕೆ ಹೇಳುವುದೇನೆಂದರೆ, ಸದರಿ ಗಡಿಯಾರ ಸರಿಯಾಗಿಯೇ ಇದೆ. ರೇಡಿಯೋ ಸಮಯಕ್ಕೆ ನಾನೇ ಕೂಡಿಸಿಡುತ್ತೇನೆ. ಬೇಕಾದರೆ ಬಂದು ನೋಡಬಹುದು. ಮಸೀದಿ ಕಮಿಟಿಯವರು ನನ್ನ ಮೇಲೆ ದೂರು ಕೊಟ್ಟಿಲ್ಲವೆಂದು ತಾವೇ ಹೇಳಿದಿರಿ. ಸೈರನ್ನಿನ ಬಗ್ಗೆ ತಾವು ಮೂರು ಸಲ ಕೇಳಿದಿರಿ, ಮೂರು ಸಲವೂ ಹೇಳಿದ್ದೇನೆ. ಗುಂಡಿಯ ಬಗ್ಗೆ ಒಂದು ಸಲ ಕೇಳಿದರೆ ಅದನ್ನೂ ಹೇಳುತ್ತೇನೆ. ಹಲಗೆಯಿಲ್ಲದೆ ಹತ್ತಡಿ ತೋಡಿದ್ದನ್ನು ನಾನು ದೀಪ ಹಾಕಲು ಹೋದಾಗ ದಿನವೂ ನೋಡಿದ್ದೇನೆ, ಊರೂ ನೋಡಿದೆ.

ಇಷ್ಟು ಹೇಳಿ ಮುಗಿಸುವ ಹೊತ್ತಿಗೆ, ಸಂಜೆ ಸುಮಾರು 4.30 ಗಂಟೆಗೆ, ಹಬೀಬ್ ಸಾಬರು ತುಮಕೂರಿನಿಂದ ನೇರವಾಗಿ ಠಾಣೆಗೆ ಬಂದರು. ನಿನ್ನೆಯ ಕೆಸರು ಪಂಚೆಯಲ್ಲೇ ಇದ್ದರು. ಅವರು ಬೆಂಚಿನ ಮೇಲೆ ಕುಳಿತು ಉಸಿರು ಬಿಟ್ಟು, “ಬದುಕವ್ನೆ” ಎಂದರು. ಕಾಲು ಎರಡು ಕಡೆ ಮುರಿದಿದೆ, ಪಕ್ಕೆಲುಬೂ ಮುರಿದಿದೆ, ಮಧ್ಯಾಹ್ನ ಕಣ್ಣು ಬಿಟ್ಟು ನೀರು ಕೇಳಿದ ಎಂದು ತಿಳಿಸಿದರು. ನಾನು ಟವೆಲಿನಿಂದ ಮುಖ ಮುಚ್ಚಿಕೊಂಡಿದ್ದರಿಂದ ತಾವು ಸ್ವಲ್ಪ ಹೊತ್ತು ಬರೆಯುವುದನ್ನು ನಿಲ್ಲಿಸಿದಿರಿ.

ಮಣ್ಣಿನಲ್ಲಿದ್ದಾಗ ಅವನಿಗೆ ಸೈರನ್ ಕೇಳಿಸಿತ್ತೇ ಎಂದು ನಾನು ಹಬೀಬ್ ಸಾಬರನ್ನು ಕೇಳಿದೆ. ಆಸ್ಪತ್ರೆಯಲ್ಲಿ ತಾನೂ ಅವನನ್ನು ಅದನ್ನೇ ಕೇಳಿದ್ದಾಗಿ ಅವರು ಹೇಳಿದರು. ಅದಕ್ಕೆ ಜುಂಜಪ್ಪ, “ಎರಡ್ ಕಿತನೂ ಕೇಳುಸ್ತು ಸಾಮಿ. ಸಾಬ್ರು ಉಣ್ಣಾಕ್ ಕೂತ್ಕಂಡ್ರು, ಇನ್ ಯಾರೂ ಈ ಕಡಿಕ್ ಬರಾಕಿಲ್ಲ ಅಂದ್ಕಂಡೆ” ಎಂದನಂತೆ. ಅದು ನಿನಗಾಗಿ ಕೂಗಿಸಿದ್ದು ಎಂದು ಹೇಳಿದರೆ ಅವನು ನಂಬಲಿಲ್ಲವಂತೆ. ಹೆಂಡತಿಯ ಮುಖ ನೋಡಿ, “ನಂಗಾ? ನಂಗೆ ಸೈರನ್ ಕೂಗ್ಸುದ್ರಾ?” ಎಂದು ಕೇಳಿದನಂತೆ. ಆಕೆ ಹೌದೆಂದರೂ ಮತ್ತೆ ಕೇಳಿದನಂತೆ.

ಅವನಿಗೆ ಓದಿ ಹೇಳುವವರು ಯಾರಾದರೂ ಸಿಕ್ಕರೆ ಓದಿ ಹೇಳಲೆಂದು ಇದನ್ನೂ ಬರೆಸುತ್ತಿದ್ದೇನೆ. ದಿನಾಂಕ 16-8-1979ರಂದು ಸಂಜೆ 6.20ಕ್ಕೆ ಒಂದು ಸಲ, ಆಮೇಲೆ ಇನ್ನೊಂದು ಸಲ, ಮಾರನಕೋಟೆ ಪುರಸಭೆಯ ಸೈರನ್ನನ್ನು ಕೂಗಿಸಿದ್ದು ಕೂಲಿ ಕೆಲಸದ ಜುಂಜಪ್ಪನಿಗಾಗಿ.

ಮೇಲೆ ಬರೆದಿರುವುದೆಲ್ಲ ನಾನು ಕಂಡದ್ದು, ಕೇಳಿದ್ದು, ಮಾಡಿದ್ದು. ಅಡವಿಯಪ್ಪನವರು ಓದಿ ಹೇಳಿದ್ದನ್ನು ಕೇಳಿಸಿಕೊಂಡಿದ್ದೇನೆ. ನಾನು ಹೇಳಿದಂತೆಯೇ ಇದ್ದು, ಇದರಲ್ಲಿ ಸುಳ್ಳಿಲ್ಲವೆಂದು ಒಪ್ಪಿ ರುಜು ಮಾಡಿರುತ್ತೇನೆ.

ಸ್ಥಳ: ಮಾರನಕೋಟೆ ಪೊಲೀಸ್ ಠಾಣೆ
ದಿನಾಂಕ: 17-8-1979
(ರುಜು) ಕೆ. ಗಂಗಹನುಮಯ್ಯ